ಫೈಲಿನ ತಲೆಯ ಹೆಸರು

ಬೆಳಿಗ್ಗೆ ಬಂದ ಇಮೇಲನ್ನು ರಾಣಿ ಮೂರು ಸಲ ಓದಿದಳು. ಮೊದಲ ಸಲ ಓದಿದಾಗ ಸಂತೋಷವಾಯಿತು. ಎರಡನೆಯ ಸಲ ಕೊನೆಯ ಸಾಲುಗಳಲ್ಲಿ ತಡೆದು ನಿಂತಳು. ಮೂರನೆಯ ಸಲ ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯೆಲ್ಲ ರಾಡಿಯಾಗಿತ್ತು. ಬರೆದವಳು ಹೆಲ್ಸಿಂಕಿಯ ಹೆಂಗಸು, ಯಾರು ಬೇಕಾದರೂ ಕೋಡು ಬರೆದುಕೊಡಬಹುದಾದ ಒಂದು ಬ್ರೌಸರಿನ ಯೋಜನೆಯಲ್ಲಿ ಆರು ವರ್ಷದಿಂದ ರಾಣಿಯ ಕೆಲಸವನ್ನು ನೋಡಿಕೊಳ್ಳುತ್ತಿದ್ದವಳು, ಒಂದೊಂದು ಮಾತನ್ನೂ ತೂಗಿ ಆಡುವವಳು. ಈ ಸಲ ಮಾತ್ರ ಸಿಟ್ಟಿನಲ್ಲಿ ಬರೆದಿದ್ದಳು. ಆ ಮನುಷ್ಯನ ಉತ್ತರಕ್ಕೆ ಹದಿನೆಂಟು ದಿನ ಕಾದದ್ದು ಸಾಕು, ಅವನಿಗೆ ಇಷ್ಟು ಮರ್ಯಾದೆ ಕೊಡುವ ಅಗತ್ಯವಿಲ್ಲ. ನಿನ್ನ ಊರಿನ ಸಂಜೆ ಆರು ಗಂಟೆಯೊಳಗೆ ಅವನ ಒಪ್ಪಿಗೆ ಬರದಿದ್ದರೆ ನನ್ನ ಅಧಿಕಾರದಲ್ಲೇ ನಿನ್ನ ಹಳೆಯ ಕೋಡಿನ ಆ ಫೈಲನ್ನು ತೆಗೆದುಹಾಕುತ್ತೇನೆ. ತೆಗೆದದ್ದರ ಟಿಪ್ಪಣಿಯಲ್ಲಿ ಸತ್ಯವನ್ನೂ ಬರೆಯುತ್ತೇನೆ: ಇದನ್ನು ಬರೆದವಳು ರಾಣಿ, ಶಾಂತಮೂರ್ತಿ ಎಂಬಾತ ಅವಳ ಒಪ್ಪಿಗೆಯಿಲ್ಲದೆ ತನ್ನ ಹೆಸರು ಹಾಕಿಕೊಂಡಿದ್ದ. ಟಿಪ್ಪಣಿ ಎಂದರೆ ಅಂತಿಂಥದ್ದಲ್ಲ. ಫೈಲು ಹೋಗುತ್ತದೆ, ಟಿಪ್ಪಣಿ ಹೋಗುವುದಿಲ್ಲ. ಆ ಬ್ರೌಸರು ಇರುವವರೆಗೆ, ಅದರ ಹಳೆಯ ಕೋಡನ್ನು ಯಾರು ಯಾವ ದೇಶದಲ್ಲಿ ಕೂತು ಕೆದಕಿದರೂ, ಯಳಂದೂರಿನ ಶಾಂತಮೂರ್ತಿ ಕಳ್ಳ ಎಂದು ಅವರಿಗೆ ಸಿಗುತ್ತದೆ. ಹಾಗೆಂದು ಯೋಜನೆಯವರಿಗೆಲ್ಲ ಹೇಳಿದವಳು ರಾಣಿಯೇ, ಹೇಳಿದ್ದು ಸುಳ್ಳು. ಅವಳು ಬಟ್ಟೆ ತಂದು ಕಟ್ಟೆ ಒರೆಸಿದಳು.

ಅದು ನಾಲ್ಕು ಸಾವಿರ ಚಿಲ್ಲರೆ ಸಾಲಿನ ಫೈಲು. ಬ್ರೌಸರಿನ ಎಂಜಿನ್ನಿನೊಳಗೆ ಎರಡು ಮನೆಗಳಿವೆ ಎಂದು ಅವಳು ಗಂಡನಿಗೆ ಒಮ್ಮೆ ಬಿಡಿಸಿ ಹೇಳಿದ್ದಳು. ಒಂದರಲ್ಲಿ ಪುಟದ ವಸ್ತುಗಳು ಇರುತ್ತವೆ, ಚಿತ್ರ, ಒತ್ತುವ ಗುಂಡಿ, ಒಂದು ಸಾಲು ಅಕ್ಷರ. ಇನ್ನೊಂದರಲ್ಲಿ ಅವನ್ನು ಆಡಿಸುವ ಸ್ಕ್ರಿಪ್ಟು. ಹಿಂದೆ ಈ ಮನೆಯವರು ಆ ಮನೆಯ ವಸ್ತುವನ್ನು ನೇರವಾಗಿ ಮುಟ್ಟುವಂತಿರಲಿಲ್ಲ. ಒಂದೊಂದಕ್ಕೂ ಒಂದು ಹೊದಿಕೆ ಹೊಲಿದು, ಆ ಹೊದಿಕೆಯ ಮೇಲಿನಿಂದಲೇ ಹಿಡಿಯಬೇಕಿತ್ತು. ಹೊಲಿಯುವ ಕೋಡನ್ನು ಹನ್ನೆರಡು ವರ್ಷದ ಹಿಂದೆ ಬರೆದವಳು ಅವಳು, ಇಪ್ಪತ್ತೆರಡರ ವಯಸ್ಸಿನಲ್ಲಿ. ಈಗ ಎರಡು ಮನೆಗೂ ನಡುವೆ ನೇರ ಬಾಗಿಲಾಗಿದೆ, ಹೊದಿಕೆ ಯಾರಿಗೂ ಬೇಡ. ಆದರೂ ಅರವತ್ತೊಂದು ಕಡೆ ಬೇರೆಯವರ ಕೋಡು ಅದನ್ನು ಹಳೆಯ ರೂಢಿಯಲ್ಲಿ ಬಳಸುತ್ತಲೇ ಇತ್ತು. ಮೂರು ತಿಂಗಳು ಕೂತು ಅರವತ್ತೊಂದನ್ನೂ ಬಿಡಿಸಿದ್ದಳು. ಬೇರೆಯವರು ಮಾಡುತ್ತೇವೆಂದರೂ ಬಿಟ್ಟುಕೊಟ್ಟಿರಲಿಲ್ಲ. ಕೊಳ್ಳೇಗಾಲದವಳು ಎಂದಮೇಲೆ ರೇಷ್ಮೆಗೂಡಿನ ಮಾತು ಬಂದೇ ಬರುತ್ತದೆ. ಯಾರಾದರೂ ಆ ಹೋಲಿಕೆ ತೆಗೆದರೆ ಅವಳಿಗೆ ಮೈಯೆಲ್ಲ ಉರಿಯುವುದು. ಗೂಡು ಬಿಚ್ಚಿದರೆ ನೂಲಾದರೂ ಸಿಗುತ್ತದೆ, ಇಲ್ಲಿ ಏನೂ ಸಿಗುವುದಿಲ್ಲ, ಜಾಗ ಖಾಲಿಯಾಗುತ್ತದೆ ಅಷ್ಟೆ. ಅವಳಿಗೆ ಬೇಕಾಗಿದ್ದೂ ಅಷ್ಟೇ. ಯೋಜನೆಯ ನಿಯಮವೊಂದು ಅಡ್ಡ ಕೂತಿತ್ತು. ಫೈಲು ತೆಗೆಯಬೇಕಾದರೆ ಅದರ ತಲೆಯಲ್ಲಿ ಯಾರ ಹೆಸರಿದೆಯೋ ಅವರು ಒಪ್ಪಬೇಕು; ಈ ಫೈಲಿನ ತಲೆಯಲ್ಲಿದ್ದದ್ದು ಶಾಂತಮೂರ್ತಿಯವರ ಹೆಸರು.

"ಯಾಕಮ್ಮಿ, ಆಲೆಲ್ಲ ಉಕ್ಕಿಸ್ಬುಟ್ಟಿದ್ದೀಯಲ್ಲ" ಎಂದ ಮಾದಸ್ವಾಮಿ. ಅವಳ ಗಂಡ, ಕರೆಂಟಿನ ಲೈನ್‌ಮನ್, ಕೆಲಸಕ್ಕೆ ಹೊರಟು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ.

"ಯಳಂದೂರ್ಗ ಓಗ್ಬತ್ತೀನಿ. ಅವ್ರು ಒಪ್ದಿದ್ರೂ ಸಂಜ್ಗ ತಾನೇ ತೆಗೀತೀನಿ ಅಂತ ಎಲ್ಸಿಂಕಿ ಯಮ್ಮ ಬರ್ದವ್ಳ."

"ಆ ಕಳ್ಳನ್ ತಾವ್ಕಾ? ಅವ್ನ್ ತಾವ ನೀನ್ಯಾಕ ಓಗಿ ನಿಂತ್ಕಂಡಿಯೇ. ಮಾಡ್ಕತೀವಿ ಅಂತ ಆ ಯಮ್ಮನೇ ಅಂದವ್ಳಲ್ಲ."

ಅವನಿಗೂ ಅದೇ ಕಥೆ ಹೇಳಿದ್ದಳು, ಮದುವೆಯಾದ ಹೊಸದರಲ್ಲಿ. ಅವನು ಕೇಳಿ ಹಲ್ಲು ಕಡಿದಿದ್ದ, ಹೋಗಿ ಕೊರಳಪಟ್ಟಿ ಹಿಡಿಯುತ್ತೇನೆ ಎಂದು ಎದ್ದಿದ್ದ, ಇವಳು ಕೈಹಿಡಿದು ಕೂರಿಸಿದ್ದಳು. ದೊಡ್ಡತನದಲ್ಲಿ ತಡೆಯುತ್ತಿದ್ದಾಳೆ ಎಂದುಕೊಂಡ ಅವನು. ಭಯದಲ್ಲಿ ತಡೆದಿದ್ದಳು. ಈಗ ಬಾಯಿಬಿಟ್ಟು ಹೇಳಿಬಿಡೋಣವೆಂದು ಬಟ್ಟೆ ಹಿಂಡಿಟ್ಟು ಬರುವಷ್ಟರಲ್ಲಿ ಅವನು ಬೈಕು ಹತ್ತಿ ಹೊರಟೇಹೋದ. ರಾಣಿ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿದಳು. ಇವತ್ತು ಆಗದಿದ್ದರೆ ಇನ್ನು ಆಗುವುದಿಲ್ಲ. ಸುಳ್ಳನ್ನು ಬಾಯಲ್ಲಿ ಹೇಳುವುದೇ ಬೇರೆ, ಅದು ಟಿಪ್ಪಣಿಯಲ್ಲಿ ಶಾಶ್ವತವಾಗಿ ಕೂತುಬಿಡುವುದೇ ಬೇರೆ. ಹನ್ನೊಂದರ ಬಸ್ಸಿಗೆ ಓಡಿದಳು.

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬತ್ತದ ಗದ್ದೆ, ಕಬ್ಬು, ಮತ್ತೆ ಗದ್ದೆ. ಮುಂದಿನ ಸೀಟಿನ ಹೆಂಗಸು ಮಡಿಲಲ್ಲಿ ಅರ್ಜಿಯ ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಹಾಗೆ ಹಿಡಿಯುವವರನ್ನು ರಾಣಿ ಆರು ವರ್ಷ ನೋಡಿದ್ದಳು. ಬಂಡಳ್ಳಿಯಿಂದ ಯಳಂದೂರಿನ ಚಿಕ್ಕಮ್ಮನ ಮನೆಗೆ ಡಿಪ್ಲೊಮಾ ಓದಲು ಬಂದವಳು ಶಾಂತಮೂರ್ತಿಯವರ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದ್ದು ಫೀಸಿಗಾಗಿ. ವಿಧವಾ ವೇತನ, ಪಹಣಿ, ಸ್ಕಾಲರ್‌ಶಿಪ್, ಜಾತಿ ಪ್ರಮಾಣಪತ್ರ, ಏನೇ ಅರ್ಜಿ ಬರಲಿ, ಕೊನೆಯಲ್ಲಿ ಎರಡು ಖಾಲಿ ಜಾಗ ಇರುತ್ತಿದ್ದವು, ಸಲ್ಲಿಸಿದವರ ಹೆಸರು, ಇಮೇಲು. ಬಂದವರಲ್ಲಿ ಯಾರಿಗಿತ್ತು ಇಮೇಲು? ಸೆಂಟರಿನ ಪದ್ಧತಿ ಒಂದೇ. ಶಾಂತಮೂರ್ತಿಯವರ ಹೆಸರು, ಶಾಂತಮೂರ್ತಿಯವರ ಇಮೇಲು. ದಿನಕ್ಕೆ ಐವತ್ತು ಸಲ. ಯೋಚನೆಯೇ ಬೇಕಾಗಿರಲಿಲ್ಲ, ಬೆರಳುಗಳೇ ಹೋಗಿ ಹೊಡೆದುಬರುತ್ತಿದ್ದವು. ತಾಲ್ಲೂಕಿನ ಅರ್ಧ ಜನರ ಓಲೆಯೆಲ್ಲ ಅವರೊಬ್ಬರಿಗೆ ಬರುತ್ತಿತ್ತು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳು ಆ ಬ್ರೌಸರಿನ ಕೋಡನ್ನು ಓದುತ್ತ, ಮುರಿಯುತ್ತ, ಜೋಡಿಸುತ್ತ ಎಂಟು ತಿಂಗಳು ಕಳೆದು ಕೊನೆಗೊಂದು ದಿನ ಹೊದಿಕೆಯ ಕೋಡನ್ನು ಕಳಿಸಲು ಕೂತಾಗ ಅಲ್ಲಿಯೂ ಒಂದು ಫಾರ್ಮು ಬಂತು. ಸಲ್ಲಿಸಿದವರ ಹೆಸರು, ಇಮೇಲು. ಬೆರಳುಗಳು ಹೋಗಿ ಹೊಡೆದುಬಂದವು. ಅಷ್ಟೇ ನಡೆದದ್ದು. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ, ತನ್ನ ಹೆಸರು ಬರೆಯಬೇಕಾದ ಕಡೆ ಧಣಿಯ ಹೆಸರು ಬರೆದು ಬಂದ ಹುಚ್ಚಿ ಎಂದು.

ಅಷ್ಟೇ ನಡೆದದ್ದು ಎಂಬುದೂ ಪೂರಾ ನಿಜವಲ್ಲ. ವಾರ ಕಳೆದ ಮೇಲೆ ತಪ್ಪು ಅವಳ ಕಣ್ಣಿಗೆ ಬಿತ್ತು. ಒಂದು ಸಾಲಿನ ಓಲೆ ಬರೆದಿದ್ದರೆ ಸರಿಹೋಗುತ್ತಿತ್ತು. ಬರೆಯಲಿಲ್ಲ. ಏನಾದರೂ ಕೆಟ್ಟರೆ ಬೈಸಿಕೊಳ್ಳುವುದು ಅವರು ತಾನೇ ಎಂದು ಒಳಗೊಳಗೇ ಹಗುರವಾಗಿತ್ತು. ಕೆಟ್ಟಿತ್ತು ಕೂಡ, ಎರಡನೆಯ ವರ್ಷ ಅವಳ ಹೊದಿಕೆಗಳು ಬಿಚ್ಚಿಕೊಳ್ಳದೆ ಗುಡ್ಡೆ ಬಿದ್ದು ಬ್ರೌಸರು ತೆವಳತೊಡಗಿ, ಯಾರ‍್ಯಾರೋ ಶಾಂತಮೂರ್ತಿಯವರನ್ನು ಎಲ್ಲರೆದುರು ಬೈದು ಬರೆದಾಗ ಅವರು ತಮ್ಮ ಹರುಕು ಇಂಗ್ಲಿಷಿನಲ್ಲಿ ಕ್ಷಮಿಸಿ, ನೋಡುತ್ತೇನೆ ಎಂದಷ್ಟೇ ಉತ್ತರಿಸಿದ್ದರು. ಅವಳು ಅವರ ಹೆಸರಿನಲ್ಲೇ ಅದನ್ನು ಸರಿಮಾಡಿ ಕಳಿಸಿದಳು. ಇಬ್ಬರೂ ಆ ಬಗ್ಗೆ ಒಂದು ಮಾತು ಆಡಲಿಲ್ಲ. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದು, ತನ್ನದೇ ಹೆಸರಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದ ಮೇಲೆ ಕಥೆ ತಾನಾಗಿ ತಿರುಗಿತು. ಹೋದ ವರ್ಷ ಯೋಜನೆಯವರ ಆನ್‌ಲೈನ್ ಸಭೆಯಲ್ಲಿ ಐದು ನಿಮಿಷ ಮಾತಾಡು ಎಂದಾಗ ಅವಳ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ನನ್ನ ಕೋಡನ್ನು ನನ್ನ ಧಣಿ ತನ್ನ ಹೆಸರಿನಲ್ಲಿ ಹಾಕಿಕೊಂಡ. ಪರದೆಯ ತುಂಬ ಚಪ್ಪಾಳೆಯ ಚಿತ್ರಗಳು ಏರಿಬಂದವು. ಆ ದಿನ ಅವಳಿಗೆ ಅನ್ನ ಸೇರಲಿಲ್ಲ.

ಯಾಕೆ ಹೇಳಿದೆ ಎಂದು ಕೇಳಿಕೊಂಡರೆ ಮತ್ತೆ ಮತ್ತೆ ಒಂದು ಲೋಟಕ್ಕೆ ಬಂದು ನಿಲ್ಲುತ್ತಾಳೆ. ಸೆಂಟರಿನ ಹಿಂದೆಯೇ ಮನೆ. ಹನ್ನೊಂದಕ್ಕೆ ಶಾಂತಮೂರ್ತಿಯವರ ತಾಯಿ ಗುರುಬಸಮ್ಮ ಕಾಫಿ ತರುತ್ತಿದ್ದರು. ಮಗನದನ್ನು ಅವನ ಕೈಗೆ; ಅವಳದನ್ನು ಪ್ರಿಂಟರಿನ ಪಕ್ಕದ ಸ್ಟೂಲಿನ ಮೇಲೆ. ಕುಡಿದು ತೊಳೆದು ಅವಳೇ ಕಿಟಕಿಯ ಅಂಚಿಗೆ ಬೋರಲು ಹಾಕಬೇಕು. ಬೈದವರಿಲ್ಲ, ಗದರಿದವರಿಲ್ಲ, ಊಟ ಮಾಡಿದೆಯಾ ಎಂದು ಕೇಳದ ದಿನವಿಲ್ಲ. ಅವಳ ಅಪ್ಪ ಮುತ್ತಯ್ಯ ಬಂದರೆ ಬಾಗಿಲ ಹೊರಗೇ ನಿಂತು ಬುದ್ದೀ ಎನ್ನುತ್ತಿದ್ದ, ಅವಳು ಪರದೆಗೆ ಮುಖ ಹುದುಗಿಸುತ್ತಿದ್ದಳು. ಆರು ವರ್ಷ ಆ ಸ್ಟೂಲಿನಿಂದ ಲೋಟ ಎತ್ತಿಕೊಂಡವಳಿಗೆ ಸಿಟ್ಟು ಬರುವುದು ನ್ಯಾಯವೇ. ಆದರೆ ಮುನ್ನೂರು ಜನ ಬೇರೆ ಬೇರೆ ದೇಶದವರ ಮುಂದೆ ಲೋಟವನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಕಳ್ಳತನವಾದರೆ ಎಲ್ಲರಿಗೂ ಅರ್ಥವಾಗುತ್ತದೆ. ಲೋಟದ ಸಿಟ್ಟನ್ನು ಹೆಸರಿನ ಲೆಕ್ಕಕ್ಕೆ ಹಾಕಿಬಿಟ್ಟಳು. ಬಸ್ಸು ಯಳಂದೂರಿನಲ್ಲಿ ನಿಂತಾಗ ಇಳಿಯುವುದೋ ಬೇಡವೋ ಎಂದು ಯೋಚಿಸಲಿಕ್ಕೂ ಅವಳು ತನಗೆ ಸಮಯ ಕೊಡಲಿಲ್ಲ. ಕೊಟ್ಟರೆ ಹಿಂದಕ್ಕೆ ಹೋಗುತ್ತೇನೆ ಎಂದು ಗೊತ್ತಿತ್ತು.

ಸೆಂಟರು ಹಾಗೇ ಇತ್ತು, ಬೋರ್ಡಿನ ಬಣ್ಣ ಮಾತ್ರ ಹೋಗಿತ್ತು. ಶಾಂತಮೂರ್ತಿ ಒಬ್ಬರೇ ಕೂತು ಎರಡೇ ಬೆರಳಿನಲ್ಲಿ ಒಬ್ಬ ಮುದುಕನ ಅರ್ಜಿ ತುಂಬುತ್ತಿದ್ದರು. ತಲೆ ಪೂರಾ ನರೆತಿತ್ತು. ಇಮೇಲಿನ ಜಾಗ ಬಂದಾಗ ಮುದುಕನನ್ನು ಕೇಳದೆ ತಮ್ಮದನ್ನೇ ಹೊಡೆದದ್ದನ್ನು ಅವಳು ಬಾಗಿಲಲ್ಲೇ ನಿಂತು ನೋಡಿದಳು. ಮುದುಕ ಕಾಗದ ಮಡಚಿಕೊಂಡು ಹೋದ ಮೇಲೆ ಅವರು ಕನ್ನಡಕ ಎತ್ತಿ ನೋಡಿದರು.

"ರಾಣಿ ಅಲ್ವಾ. ಬಾರವ್ವ, ಕೂತ್ಕೊ."

ಕೂತಳು. ಎದುರಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಪ್ರಶಸ್ತಿಪತ್ರ ಇತ್ತು. ಬ್ರೌಸರಿಗೆ ಕೊಡುಗೆ ಕೊಟ್ಟ ಗ್ರಾಮೀಣ ಪ್ರತಿಭೆ ಎಂದು ಯಾವುದೋ ಸಂಘ ಕೊಟ್ಟದ್ದು. ಅವರು ಅವಳ ಕಣ್ಣು ಹೋದ ಕಡೆ ನೋಡಿ ತಲೆ ತಗ್ಗಿಸಿದರು. ಅಷ್ಟರಲ್ಲಿ ಗುರುಬಸಮ್ಮ ಒಳಗಿನಿಂದ ಎರಡು ಲೋಟ ಹಿಡಿದು ಬಂದರು. ಸೊಂಟ ಬಾಗಿತ್ತು. ಮಗನ ಕೈಗೆ ಒಂದು ಕೊಟ್ಟು, ಇನ್ನೊಂದನ್ನು ಇಡುವುದಕ್ಕೆ ಜಾಗ ಹುಡುಕಿದರು. ಸ್ಟೂಲು ಈಗ ಇರಲಿಲ್ಲ, ಮೇಜಿನ ಮೇಲೆಲ್ಲ ಕಾಗದ. ರಾಣಿ ಕೈ ಚಾಚಿದಳು.

"ಕೈಗೇ ಕೊಡಿ ಅಮ್ನೋರೆ."

"ಬಿಸಿ ಅದ ಕಣವ್ವ."

"ಇರ್ಲಿ. ತಡ್ಕತೀನಿ."

ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುದುಕಿ ಮಗನ ಮುಖ ನೋಡಿದರು, ಅವಳ ಕೈ ನೋಡಿದರು, ಆಮೇಲೆ ಕೊಟ್ಟರು. ನಿಜಕ್ಕೂ ಬಿಸಿಯಿತ್ತು, ಅಂಗೈ ಸುಟ್ಟಿತು, ಅವಳು ಹಿಡಿದುಕೊಂಡೇ ಇದ್ದಳು. ಇಷ್ಟು ಸುಲಭದ ಮಾತನ್ನು ಆರು ವರ್ಷದಲ್ಲಿ ಒಂದು ದಿನವೂ ಆಡಲಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಗುರುಬಸಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಹೋದರು.

"ನನ್ ಮೇಲ್ ಬಂದಿತ್ತಾ ಸಾ?"

"ಬಂದಿತ್ತು. ಅವತ್ತೇ ನೋಡ್ದೆ."

"ಮತ್ತ ಯಾಕ ಉತ್ರ ಬರೀನಿಲ್ಲ?"

"ಏನಂತ ಬರೀಲವ್ವ? ತೆಗೀರಿ ಅಂತ ಒಪ್ಪಿಗೆ ಕೊಡಾಕ ಅದೇನ್ ನಂದಾ? ಬ್ಯಾಡ ಅನ್ನಾಕಾದ್ರೂ ನಂದಾ?"

ಅವರು ಇದನ್ನು ದುಃಖದಲ್ಲಿ ಹೇಳಲಿಲ್ಲ, ಪಹಣಿಯಲ್ಲಿ ಹೆಸರು ತಪ್ಪಾಗಿದೆ ಎನ್ನುವ ಹಾಗೆ ಹೇಳಿದರು. ರಾಣಿ ಲೋಟವನ್ನು ಕಾಗದಗಳ ಮೇಲೆಯೇ ಇಟ್ಟಳು.

"ಸಾ, ನೀವು ಕದ್ರಿ ಅಂತ ಯೋಳಿವ್ನಿ. ಸಬೇಲಿ. ಮುನ್ನೂರ್ ಜನ ಇದ್ರು, ವಿಡಿಯೊನೂ ಅದ. ಸಂಜೆ ಆರ್ ಗಂಟ್ಗ ಅದ್ನೇ ಬರ್ದು ಆಕ್ಬುಡ್ತಾರ, ಅಳಿಸಾಕ ಆಗಲ್ಲ."

ಶಾಂತಮೂರ್ತಿ ತಮ್ಮ ಲೋಟವನ್ನು ಕೆಳಗಿಟ್ಟರು.

"ಹೆಸ್ರು ಆಕ್ದೋಳು ನೀನೇ ಅಂತ ನಿಂಗ ಗೊತ್ತಿತ್ತಲ್ಲವ್ವ."

"ಗೊತ್ತಿತ್ತು."

"ಸರಿ" ಎಂದರು ಅವರು. ಬೈದಿದ್ದರೆ ಅವಳಿಗೆ ಬದುಕಿದೆ ಎನ್ನಿಸುತ್ತಿತ್ತು. ಬೈಗುಳಕ್ಕೆ ಉತ್ತರ ಇಟ್ಟುಕೊಂಡಿದ್ದಳು, ಲೋಟ, ಸ್ಟೂಲು, ಕಿಟಕಿಯ ಅಂಚು ಎಲ್ಲವನ್ನೂ ಒಂದೊಂದಾಗಿ ತೆಗೆದು ಮುಂದಿಡುವುದಕ್ಕೆ. ಅವರು ಅದಕ್ಕೆ ಎಡೆಯನ್ನೇ ಕೊಡಲಿಲ್ಲ. ಲ್ಯಾಪ್‌ಟಾಪು ತೆಗೆದು ಮೇಜಿನ ಅಂಚಿನಲ್ಲಿಟ್ಟುಕೊಂಡು ಟಿಪ್ಪಣಿಯನ್ನು ತಾನೇ ಬರೆಯಲು ಕೂತಳು. ಮೂರು ವಾಕ್ಯ. ಈ ಕೋಡನ್ನು ಬರೆದವಳು ನಾನು. ಇದಕ್ಕೆ ಶಾಂತಮೂರ್ತಿಯವರ ಹೆಸರು ಹಾಕಿದವಳೂ ನಾನೇ, ಅವರನ್ನು ಕೇಳದೆ. ಮೂರನೆಯದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಬರೆದಳು, ಅಳಿಸಿದಳು, ನೆನಪಿನ ತಪ್ಪು ಎಂದು ಹಾಕಿ ನೋಡಿದಳು, ಅದು ಇನ್ನೂ ದೊಡ್ಡ ಸುಳ್ಳು. ಹೆಲ್ಸಿಂಕಿಯ ಹೆಂಗಸು ಓದುತ್ತಾಳೆ, ಆವತ್ತು ಚಪ್ಪಾಳೆ ತಟ್ಟಿದವರೆಲ್ಲ ಓದುತ್ತಾರೆ, ನಾಳೆಯಿಂದ ಅವಳು ಏನು ಹೇಳಿದರೂ ಒಂದು ಕ್ಷಣ ತಡೆದು ನಂಬುತ್ತಾರೆ. ಇರಲಿ ಎಂದುಕೊಂಡಳು. ಕೊನೆಗೆ ಬರೆದಳು: ಅವರು ಇದನ್ನು ಕದ್ದರು ಎಂದು ನಾನು ಹಿಂದೆ ಹೇಳಿದ್ದು ಸುಳ್ಳು, ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಪರದೆಯನ್ನು ಅವರ ಕಡೆ ತಿರುಗಿಸಿದಳು.

ಅವರು ಬೆರಳಿಟ್ಟು ಒಂದೊಂದೇ ಪದ ಓದಿದರು. ಎರಡು ಸಲ ಓದಿದರು. "ಇಷ್ಟೇನಾ?" ಎಂದರು.

"ಇನ್ನೇನ್ ಬೇಕು ಸಾ?"

"ನಂದೂ ಒಂದ್ ಮಾತ್ ಬರೀಬೋದಾ? ಒಪ್ಪಿಗೆ ಒತ್ತೋ ತಾವ?"

ಒಪ್ಪಿಗೆ ಕೊಡುವ ಗುಂಡಿಯ ಮೇಲ್ಗಡೆ ಬರೆಯಲು ಜಾಗವಿದೆ, ಯಾವ ಭಾಷೆಯಲ್ಲಾದರೂ ಬರೆಯಬಹುದು ಎಂದಳು. ಅವರು ತಮ್ಮ ಕಂಪ್ಯೂಟರಿನಲ್ಲಿ, ಸಾವಿರಾರು ಅರ್ಜಿಗಳ ಮೇಲುಗಳ ನಡುವೆ, ಹದಿನೆಂಟು ದಿನದ ಹಿಂದಿನ ಅವಳ ಓಲೆಯನ್ನು ನೇರವಾಗಿ ಹೋಗಿ ತೆರೆದರು. ಎಷ್ಟು ಸಲ ತೆರೆದು ಮುಚ್ಚಿದ್ದರೋ. ಕನ್ನಡದ ಕೀಲಿಗಳನ್ನು ಒಂದೊಂದಾಗಿ ಹುಡುಕಿ ಒತ್ತತೊಡಗಿದರು. ಪರದೆ ಅವಳಿಗೆ ಕಾಣದ ಹಾಗೆ ಕೂತಿದ್ದರು, ಅವಳೂ ಇಣುಕಲಿಲ್ಲ. ನಡುವೆ ಒಬ್ಬಾಕೆ ಆಧಾರ್ ಪ್ರಿಂಟಿಗೆ ಬಂದರೆ ಸ್ವಲ್ಪ ನಿಲ್ಲು ಎಂದು ಹೊರಗೇ ನಿಲ್ಲಿಸಿದರು. ಮುಕ್ಕಾಲು ಗಂಟೆ ಕಳೆಯಿತು.

"ಒತ್ತಿದೀನಿ" ಎಂದರು ಕೊನೆಗೆ. "ಓಗ್ಬಾರವ್ವ. ಬಸ್ಸಿಗ ಒತ್ತಾಯ್ತು."

ಅವಳು ತನ್ನ ಟಿಪ್ಪಣಿಯನ್ನು ಕಳಿಸಿ ಎದ್ದಳು. ಹೋಗಿ ಬರುತ್ತೇನೆ ಎಂದು ಒಳಗಿನ ಬಾಗಿಲಿಗೆ ಕೂಗಿದಳು. ಶಾಂತಮೂರ್ತಿ ಆಗಲೇ ಹೊರಗಿನವಳನ್ನು ಕರೆದು ಆಧಾರ್ ನಂಬರು ಕೇಳುತ್ತಿದ್ದರು.

ಬಸ್‌ಸ್ಟ್ಯಾಂಡಿನಲ್ಲಿ ಕೊಳ್ಳೇಗಾಲದ ಬಸ್ಸಿನ ಸುಳಿವಿರಲಿಲ್ಲ. ಅವಳಿಗೆ ಮೈ ಹಗುರವಾಗಿತ್ತು, ಹಸಿವೂ ಆಗಿತ್ತು; ಕಡಲೆಕಾಯಿ ಕೊಂಡು ಕಲ್ಲುಬೆಂಚಿನ ಮೇಲೆ ಕೂತಳು. ಮನೆಗೆ ಹೋಗಿ ಮಾದಸ್ವಾಮಿಗೂ ಹೇಳಬೇಕು, ಇವತ್ತೇ. ಆಗ ಫೋನು ಸದ್ದು ಮಾಡಿತು. ಹೆಲ್ಸಿಂಕಿಯ ಹೆಂಗಸು ಬರೆದಿದ್ದಳು. ನಿನ್ನ ಟಿಪ್ಪಣಿ ಓದಿದೆ, ಏನು ಹೇಳಬೇಕೋ ನನಗೆ ಗೊತ್ತಾಗುತ್ತಿಲ್ಲ, ಆದರೆ ಬರೆದದ್ದು ಒಳ್ಳೆಯದಾಯಿತು. ಒಪ್ಪಿಗೆಯ ಜೊತೆ ಅವರು ನಿನ್ನ ಭಾಷೆಯಲ್ಲಿ ಏನೋ ಬರೆದಿದ್ದಾರೆ. ಅದೂ ದಾಖಲೆಗೆ ಸೇರುತ್ತದೆ, ಅದರ ಇಂಗ್ಲಿಷನ್ನು ನೀನೇ ಕಳಿಸು. ಇನ್ನು ಹತ್ತು ನಿಮಿಷದಲ್ಲಿ ದಾಖಲೆಯನ್ನು ಮುಚ್ಚುತ್ತೇನೆ. ನಿನ್ನ ಟಿಪ್ಪಣಿಯಲ್ಲಿ ಏನಾದರೂ ಬದಲಿಸಬೇಕೆಂದರೆ ಈಗಲೇ ಹೇಳು. ರಾಣಿ ಕೈಯ ಸಿಪ್ಪೆ ಕೊಡವಿ ತೆರೆದಳು.

"ಇದನ್ನು ಬರೆದವರಿಗೆ ಕೆಲಸ ಕೊಡುತ್ತೇವೆ ಎಂದು ಎರಡನೇ ವರ್ಷವೇ ನನಗೆ ಮೇಲ್ ಬಂದಿತ್ತು. ಬರೆದವಳು ರಾಣಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಸೆಂಟರು ಬಿಟ್ಟು ಹೋಗುತ್ತಿದ್ದಳು. ಶಾಂತಮೂರ್ತಿ, ಯಳಂದೂರು."

ಎರಡನೆಯ ವರ್ಷ. ಆಮೇಲೆ ಇನ್ನೂ ಮೂರು ವರ್ಷ ಅವಳು ಆ ಕುರ್ಚಿಯಲ್ಲಿ ಕೂತು ಪಹಣಿ ತೆಗೆದಿದ್ದಳು. ಆ ಮೂರು ವರ್ಷದಲ್ಲೇ ಅಪ್ಪನ ಕಾಲು ಕೊಳೆತದ್ದು, ದುಡ್ಡಿಲ್ಲದೆ ಮೈಸೂರಿಗೆ ಕರೆದೊಯ್ಯಲು ಆಗದೆ ಹನೂರಿನಲ್ಲೇ ಕಟ್ಟು ಕಟ್ಟಿಸಿದ್ದು, ಕೊನೆಗೆ ಕಾಲು ತೆಗೆದದ್ದು. ಕಡಲೆಕಾಯಿಯ ಪೊಟ್ಟಣ ನೆಲಕ್ಕೆ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಎದ್ದು ಸೆಂಟರಿನ ಕಡೆ ನಾಲ್ಕು ಹೆಜ್ಜೆ ನಡೆದಳು, ನಿಂತಳು. ಹಾಗಾದರೆ ಕಳ್ಳನೇ. ಹೆಸರಿನ ಕಳ್ಳನಲ್ಲದಿದ್ದರೂ ಮೂರು ವರ್ಷದ ಕಳ್ಳ. ಹಾಗಾದರೆ ತನ್ನ ಟಿಪ್ಪಣಿಯ ಮೂರನೆಯ ವಾಕ್ಯವನ್ನು ತೆಗೆಯಬಹುದು, ಒಂದು ಮಾತು ಬರೆದರೆ ಸಾಕು, ಹತ್ತು ನಿಮಿಷ ಇದೆ. ಇಡೀ ಪ್ರಪಂಚದಲ್ಲಿ ಆ ಸಾಲನ್ನು ಓದಬಲ್ಲವಳು ಆ ಕೆಲಸದವರಲ್ಲಿ ಅವಳೊಬ್ಬಳೇ. ಅವಳು ಕೊಟ್ಟದ್ದೇ ಇಂಗ್ಲಿಷು. ಕರುಣೆಗಾಗಿ ಕಡಿಮೆ ಮಾಡಬಹುದು, ಸಿಟ್ಟಿಗಾಗಿ ಹೆಚ್ಚು ಮಾಡಬಹುದು. ಕಣ್ಣಲ್ಲಿ ನೀರು ಬಂತು, ಅದು ಅಪ್ಪನಿಗೋ ತನಗೋ ಆ ಎರಡು ಬೆರಳಿನ ಮನುಷ್ಯನಿಗೋ ತಿಳಿಯಲಿಲ್ಲ. ಅವರು ಮಾಡಿದ್ದು ಅವರು ಬರೆದಿದ್ದಾರೆ. ತಾನು ಮಾಡಿದ್ದು ಅದರಿಂದ ಇಲ್ಲವಾಗುವುದಿಲ್ಲ. ಇಷ್ಟು ಸ್ಪಷ್ಟವಾಗಿ ಅವಳಿಗೆ ಯಾವತ್ತೂ ಏನೂ ಕಂಡಿರಲಿಲ್ಲ.

ಬೆಂಚಿಗೆ ಬಂದು ಕೂತಳು. ನನ್ನ ಟಿಪ್ಪಣಿಯಲ್ಲಿ ಬದಲಾವಣೆ ಏನೂ ಇಲ್ಲ ಎಂದು ಮೊದಲು ಬರೆದಳು. ಅದರ ಕೆಳಗೆ ಅವರ ಮಾತನ್ನು ಒಂದೊಂದೇ ವಾಕ್ಯವಾಗಿ ಇಂಗ್ಲಿಷಿಗೆ ಹಾಕಿದಳು. ಗೊತ್ತಿದ್ದೂ ಎಂಬ ಕಡೆ ಬೆರಳು ತಡೆಯಿತು; ಆದರೂ ಆ ಪದವನ್ನು ಬಿಡಲಿಲ್ಲ. ಕೊನೆಗೆ ಅವರ ಪೂರ್ತಿ ಹೆಸರು, ಅವರ ಊರು. ಒಮ್ಮೆ ಓದಿ ಕಳಿಸಿದಳು. ಸ್ವಲ್ಪ ಹೊತ್ತಿಗೆ ಫೈಲು ಹೋಯಿತು ಎಂದು ಬಂತು, ನಾಲ್ಕು ಸಾವಿರದ ಒಂದುನೂರ ಹನ್ನೆರಡು ಸಾಲು. ಕೊಳ್ಳೇಗಾಲದ ಬಸ್ಸು ಆಗಲೇ ತುಂಬಿಕೊಂಡು ಬಂದಿತ್ತು. ಸೀಟು ಸಿಗಲಿಲ್ಲ, ಕಂಬಿ ಹಿಡಿದು ನಿಂತೇ ಹೋದಳು.